ಬಾನೆಟ್ಟಿಗೆ ಹಗ್ಗ, ಪ್ರಯಾಣಿಕರಿಗೆ ದೇವರೇ ದಿಕ್ಕು

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ರಸ್ತೆಯಲ್ಲಿ ಬೆಳಿಗ್ಗೆ ಒಂದರ್ಧ ಗಂಟೆ ನಿಂತು ನೋಡಿ. ಹಳೆಯ ಬಾಡಿಗೆ ಕಾರುಗಳ ಪೈಕಿ ಒಂದಾದರೂ ಮೂತಿಗೆ ಹಗ್ಗ ಬಿಗಿದುಕೊಂಡು ಹೋಗದಿದ್ದರೆ ಕೇಳಿ. ಕೆಲವರದು ತೆಂಗಿನ ನಾರಿನ ಹುರಿ, ಕೆಲವರದು ಸೆಂಟ್ರಿಂಗ್‌ನವರು ಕಬ್ಬಿಣ ಕಟ್ಟುವ ಬೈಂಡಿಂಗ್ ವೈರು, ಸ್ವಲ್ಪ ಶೋಕಿಯವರಾದರೆ ಬೈಕಿನ ಹಿಂದೆ ಸಾಮಾನು ಬಿಗಿಯುವ ರಬ್ಬರ್ ಹಗ್ಗ. "ಏನಪ್ಪಾ ಇದು?" ಅಂದರೆ "ಬಾನೆಟ್ ಲಾಕ್ ಹೋಗಿದೆ ಸಾರ್, ಮುಂದಿನ ವಾರ ಮಾಡಿಸ್ತೀನಿ" ಎಂಬ ಉತ್ತರ ಸಿದ್ಧ. ಆ ಮುಂದಿನ ವಾರ ಯುಗಾದಿಗೂ ಬರೋದಿಲ್ಲ, ದೀಪಾವಳಿಗೂ ಬರೋದಿಲ್ಲ.

ಕಳೆದ ಮಳೆಗಾಲದಲ್ಲಿ ಬಸ್ಸು ತಪ್ಪಿಸಿಕೊಂಡು, ಸೀಟಿಗಿಷ್ಟು ಅಂತ ಕೂರಿಸಿಕೊಳ್ಳುವ ಇಂಥದೇ ಒಂದು ಕಾರಿಗೆ ನಾನೂ ಹತ್ತಿದೆ. ಲೆಕ್ಕಕ್ಕೆ ಐದು ಜನ, ಒಳಗಿದ್ದದ್ದು ಆರು. ಆಯನೂರು ದಾಟುವವರೆಗೆ ಸುಖ. ಕುಂಸಿ ಹತ್ತಿರ ಎದುರಿನಿಂದ ಲಾರಿಯೊಂದು ರೊಯ್ಯನೆ ಹಾದುಹೋಯಿತು. ಅದರ ಗಾಳಿಗೆ ಹಗ್ಗ ಪಟ್ಟೆಂದು ಹರಿಯಿತು. ಬಾನೆಟ್ ಎದ್ದು ಬಂದು ಮುಂದಿನ ಗಾಜಿಗೆ ಧಡ್ಡನೆ ಅಪ್ಪಳಿಸಿತು. ಗಾಜು ಬಿರುಕು ಬಿಟ್ಟಿತು. ಕಣ್ಣೆದುರು ರಸ್ತೆ ಇಲ್ಲ, ಲಾರಿ ಇಲ್ಲ, ಬರೀ ತಗಡು. ಹಿಂದೆ ಕೂತಿದ್ದ ಅಜ್ಜಿ "ಅಯ್ಯೋ ಸಿಗಂದೂರಮ್ಮಾ" ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಡ್ರೈವರ್ ಹಗ್ಗ ಕಟ್ಟಿದ್ದು ತಪ್ಪಾದರೂ ಆ ಹೊತ್ತಿನಲ್ಲಿ ಮಾಡಿದ್ದು ಸರಿ. ಗಾಬರಿಯಲ್ಲಿ ಬ್ರೇಕ್ ಒತ್ತಿ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಹಿಂದೆ ಬರುತ್ತಿದ್ದ ಬಸ್ಸು ನಮ್ಮ ಮೇಲೇ ಇರುತ್ತಿತ್ತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದ, ಸ್ಟಿಯರಿಂಗ್ ನೆಟ್ಟಗೆ ಹಿಡಿದ, ಪಕ್ಕದ ಕಿಟಕಿಯಿಂದ ಕತ್ತು ಹಾಕಿ ನೋಡುತ್ತ ಮೆಲ್ಲಗೆ ಎಡಕ್ಕೆ ತಂದ. ಇಳಿದಾಗ ಎಲ್ಲರ ಕಾಲೂ ನಡುಗುತ್ತಿತ್ತು. ಅವನದೂ.

ಆ ಕಾರು ಮಾರನೇ ದಿನ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಂದು ಗ್ಯಾರೇಜಿಗೆ ಬಂತು. ಏನಾಯಿತು ನೋಡೋಣ ಅಂತ ನಾನೂ ಹೋದೆ. ಮೇಸ್ತ್ರಿ ತಲೆ ತುರಿಸಿಕೊಂಡು ಡ್ರೈವರನ್ನು ತರಾಟೆಗೆ ತಗೊಂಡ. "ಕೆಲವು ನೂರು ರೂಪಾಯಿ ಕೇಬಲ್ಲು ಮಾರಾಯ, ಅದಕ್ಕೆ ಆರು ಜನರ ಜೀವ ಅಡ ಇಟ್ಟೆಯಲ್ಲೋ!"

"ವೈರ್ ಕಟ್ಟಾಗಿತ್ತಣ್ಣ. ಒಂದು ಸಲ ಮುಚ್ಚಿದ್ರೆ ಮತ್ತೆ ತೆಗೆಯೋಕಾಗಲ್ಲ ಅಂತ ಲಾಕನ್ನೇ ಬಿಚ್ಚಿಟ್ಟಿದ್ದೆ."

ಇದೇ ನೋಡಿ ಎಲ್ಲರೂ ಮಾಡೋದು. ಕೇಬಲ್ ಹೋದರೆ ಬಾನೆಟ್ ತೆರೆಯೋದಿಲ್ಲ, ಅಷ್ಟೇ; ಹಾರುವುದಿಲ್ಲ. ಹಾರುವುದು ನಾವು ಲಾಕ್ ಬಿಚ್ಚಿ ಹಗ್ಗ ಕಟ್ಟಿದ ಮೇಲೆ.

ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಸ್ಟಿಯರಿಂಗ್ ಕೆಳಗೆ, ಡ್ರೈವರನ ಮೊಣಕಾಲಿನ ಹತ್ತಿರ ಒಂದು ಹಿಡಿ ಇರುತ್ತದೆ. ಅದರಿಂದ ಸೈಕಲ್ ಬ್ರೇಕ್ ವೈರಿನ ಜಾತಿಯದೇ ಒಂದು ಕೇಬಲ್, ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆ ತೂರಿ, ಬದಿಯಲ್ಲೇ ಸಾಗಿ, ರೇಡಿಯೇಟರ್ ಮೇಲಿನ ಪಟ್ಟಿಯಲ್ಲಿರುವ ಲಾಕಿಗೆ ಹೋಗುತ್ತದೆ. ಹಿಡಿ ಎಳೆದರೆ ಲಾಕ್ ಬಿಡುತ್ತದೆ, ಸ್ಪ್ರಿಂಗು ಬಾನೆಟ್ಟನ್ನು ಒಂದೆರಡು ಬೆರಳು ಎತ್ತುತ್ತದೆ. ಆಮೇಲೆ ಕೈ ತೂರಿಸಿ ಸರಿಸಬೇಕಾದ ಎರಡನೇ ಕೊಕ್ಕೆಯೊಂದು ಉಂಟು. ಮೊದಲನೇ ಲಾಕ್ ಕೈಕೊಟ್ಟರೆ ಬಾನೆಟ್ ಹಾರದಂತೆ ಹಿಡಿಯಲೆಂದೇ ಅದನ್ನಿಟ್ಟಿರೋದು. "ಕೈಗೆ ಅಡ್ಡ ಬರ್ತದೆ" ಅಂತ ಅದನ್ನೂ ಬಗ್ಗಿಸಿಟ್ಟ ಮಹಾನುಭಾವರಿದ್ದಾರೆ. ನಮ್ಮ ಡ್ರೈವರೂ ಅದೇ ಗುಂಪು. (ಓಮ್ನಿ ಇಟ್ಟುಕೊಂಡವರು ನಗಬಹುದು. ಅವರ ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ.)

ನಮ್ಮ ಮಲೆನಾಡಿನಲ್ಲಿ ಈ ಕೇಬಲ್ಲಿಗೆ ಮುಖ್ಯ ಶತ್ರು ಮಳೆ. ಗ್ರಿಲ್ಲಿನ ಹಿಂದೆಯೇ ಕೂತ ಲಾಕಿಗೆ ನಾಲ್ಕು ತಿಂಗಳು ಕೆಸರು ನೀರಿನ ಅಭಿಷೇಕ, ಆಮೇಲೆ ಕೆಂಪು ಧೂಳು. ಎರಡೂ ಸೇರಿ ಗಾರೆಯಂತೆ ಹಿಡಿದುಕೊಳ್ಳುತ್ತದೆ. ಹಿಡಿ ಬಿಗಿಯಾಗುತ್ತದೆ, ನಾವು ಇನ್ನೂ ಜೋರಾಗಿ ಎಳೀತೀವಿ, ಒಂದು ದಿನ ವೈರು ಟಪ್. ವೈರಿನ ಮೇಲೆ ಬೈದು ಹೊಸದು ಹಾಕಿಸಿ ಲಾಕನ್ನು ಹಾಗೇ ಬಿಟ್ಟರೆ ಹೊಸ ವೈರಿಗೂ ಅದೇ ಗತಿ. ರೋಗ ಇದ್ದದ್ದು ಲಾಕಿನಲ್ಲಿ, ಸತ್ತದ್ದು ಕೇಬಲ್ಲು.

ಇಬ್ಬರಿದ್ದರೆ ಅರ್ಧ ಕೆಲಸ

ಬಾನೆಟ್ ಮುಚ್ಚಿಕೊಂಡು ಕೂತಿದ್ದರೆ ಮೊದಲು ಹಿಡಿಯನ್ನು ಕೇಳಿ. ಎಳೆದಾಗ ಬಿಗಿಯಾಗಿದ್ದರೆ ವೈರು ಇನ್ನೂ ಜೀವಂತ, ಲಾಕ್ ಕಚ್ಚಿಕೊಂಡಿದೆ. ಒಬ್ಬರು ಹಿಡಿ ಎಳೆದು ಹಾಗೇ ಹಿಡಿದಿರಲಿ, ಇನ್ನೊಬ್ಬರು ಬಾನೆಟ್ಟಿನ ಮುಂಭಾಗದ ನಡುವೆ, ಸರಿಯಾಗಿ ಲಾಕಿನ ಮೇಲೆ, ಅಂಗೈಯಿಂದ ಒತ್ತಿ ಒತ್ತಿ ಬಿಡಲಿ. ಭಾರ ತಪ್ಪಿದ ಕೂಡಲೇ ಲಾಕ್ ಬಿಡುವುದುಂಟು. ಹಿಡಿ ಪ್ಲಾಸ್ಟಿಕ್ಕಿನದಾಗಿ ಅದೇ ಮುರಿದಿದ್ದರೆ ಇಕ್ಕಳದಿಂದ ಒಳಗಿನ ವೈರಿನ ತುದಿ ಹಿಡಿದು ಎಳೆದರಾಯಿತು.

ಹಿಡಿ ಸುಮ್ಮನೆ ಸಡಿಲವಾಗಿ ಬಂದರೆ ವೈರು ತುಂಡಾಗಿದೆ ಅಥವಾ ತುದಿ ಕಳಚಿದೆ. ಆಗ ಗ್ರಿಲ್ಲಿನ ಸಂದಿಯಿಂದಲೋ ಕೆಳಗಿನಿಂದಲೋ ಉದ್ದನೆಯ ಸ್ಕ್ರೂಡ್ರೈವರ್ ತೂರಿಸಿ, ಕೇಬಲ್ ಎಳೆಯುತ್ತಿದ್ದ ದಿಕ್ಕಿಗೇ ಲಾಕಿನ ನಾಲಿಗೆಯನ್ನು ಸರಿಸಬೇಕು. ಎಂಜಿನ್ ತಣ್ಣಗಿರಲಿ. ಕರೆಂಟಿನ ಫ್ಯಾನು ಎಂಜಿನ್ ನಿಂತ ಮೇಲೂ ತಾನಾಗಿ ತಿರುಗೀತು, ಬೆರಳು ಜೋಪಾನ. ಕೆಳಗೆ ನುಸುಳುವುದಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಹಾರೆ ಹಾಕಿ ಬಾನೆಟ್ ಮೀಟುವ ಪೈಲ್ವಾನರೂ ಇದ್ದಾರೆ. ಅವರಿಗೆ ಆಮೇಲೆ ಟಿಂಕರಿಂಗ್‌ನವನು, ಪೇಂಟಿಂಗ್‌ನವನು ಇಬ್ಬರೂ ನೆಂಟರಾಗುತ್ತಾರೆ.

ಪಾಯಿಜಾಮದ ಲಾಡಿ

ಮೇಸ್ತ್ರಿ ಕೇಬಲ್ ಬದಲಾಯಿಸಿದ ರೀತಿ ನೋಡುವಂಥದು. ಮೊದಲು ಬಗ್ಗಿದ ಕೀಲು ನೆಟ್ಟಗೆ ಮಾಡಿದ. ಹಳೇ ಕೇಬಲ್ಲಿನ ಎಂಜಿನ್ ಕಡೆಯ ತುದಿಗೆ ಗಟ್ಟಿ ದಾರ ಕಟ್ಟಿ, ಕೇಬಲ್ಲನ್ನು ಒಳಗಿನಿಂದ ಎಳೆದುಕೊಂಡ. ಅದು ಬಂದ ದಾರಿಯಲ್ಲಿ ದಾರ ಉಳಿಯಿತು. ಹೊಸದನ್ನು ಅದೇ ದಾರಕ್ಕೆ ಕಟ್ಟಿ ವಾಪಸ್ ಎಳೆದ. ಪಾಯಿಜಾಮಕ್ಕೆ ಲಾಡಿ ಏರಿಸಿದ ಹಾಗೆ. ತಗಡಿನ ಗೋಡೆಯ ತೂತಿಗೆ ರಬ್ಬರ್ ಬಿರಡೆ ಮರೆಯದೆ ಕೂರಿಸಿದ. ಅದು ಬಿಟ್ಟುಹೋದರೆ ಮಳೆನೀರು ಕಾಲಡಿಯ ಮ್ಯಾಟಿಗೆ ಇಳಿಯುತ್ತದೆ, ತಗಡಿನ ಅಂಚು ಕೇಬಲ್ಲನ್ನೂ ಉಜ್ಜುತ್ತದೆ. ಎಲ್ಲೂ ಚೂಪಾದ ತಿರುವಿಲ್ಲದಂತೆ, ಸೈಲೆನ್ಸರ್ ಪೈಪಿನ ಬಿಸಿಗೆ ತಾಗದಂತೆ ಕ್ಲಿಪ್ ಹಾಕಿದ. ವೈರನ್ನು ಚೂರು ಸಡಿಲ ಬಿಟ್ಟ. ತೀರ ಬಿಗಿದರೆ ಲಾಕ್ ಪೂರ್ತಿ ಕಚ್ಚುವುದಿಲ್ಲವಂತೆ.

ಡ್ರೈವರ್ ಬಿಚ್ಚಿಟ್ಟಿದ್ದ ಲಾಕನ್ನು ಸೀಮೆಎಣ್ಣೆಯಲ್ಲಿ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಗ್ರೀಸ್ ಹಚ್ಚಿದ. ಸುಟ್ಟ ಎಂಜಿನ್ ಆಯಿಲ್ ಸುರಿದಿದ್ದರೆ ಕೆಲಸ ಬೇಗ ಮುಗೀತಿತ್ತು, ಧೂಳೂ ಬೇಗ ಅಂಟಿಕೊಳ್ತಿತ್ತು. ಬೋಲ್ಟ್ ಬಿಚ್ಚುವ ಮುಂಚೆ ಲಾಕ್ ಕೂತ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದುಕೊಳ್ಳಬೇಕಿತ್ತು. ಡ್ರೈವರ್ ಎಳೆದಿರಲಿಲ್ಲ, ಹಾಗಾಗಿ ಸರಿಯಾದ ಜಾಗ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತು. ಬಗ್ಗಿದ್ದ ಎರಡನೇ ಕೊಕ್ಕೆಯನ್ನು ತಟ್ಟಿ ಸರಿ ಮಾಡಲಿಲ್ಲ, ಹೊಸದೇ ಹಾಕಿದ.

ಇಷ್ಟಾದರೂ ಬಾನೆಟ್ ಮುಚ್ಚಲಿಲ್ಲ ನೋಡಿ! ತೆರೆದಿಟ್ಟೇ ಲಾಕಿನ ಬಾಯಿಗೆ ಸ್ಕ್ರೂಡ್ರೈವರ್ ಒತ್ತಿ ಟಕ್ಕೆಂದು ಕಚ್ಚಿಸಿದ. "ಎಳೆಯೋ" ಅಂದ. ಹುಡುಗ ಒಳಗಿಂದ ಹಿಡಿ ಎಳೆದ, ಲಾಕ್ ಬಿಟ್ಟಿತು. ಹೀಗೆ ನಾಲ್ಕು ಸಲ. "ಪರೀಕ್ಷೆ ಮಾಡ್ದೆ ಮುಚ್ಚಿಬಿಟ್ರೆ ಮತ್ತೆ ಗ್ರಿಲ್ಲೊಳಗೆ ಕೈ ಹಾಕ್ಬೇಕು ಸಾರ್" ಅಂತ ನನಗೆ ಹೇಳಿದ. ಕೊನೆಗೆ ಅಡಿಯಷ್ಟು ಮೇಲಿನಿಂದ ಬಾನೆಟ್ ಕೈಬಿಟ್ಟು ಮುಚ್ಚಿದ, ಮತ್ತೆ ಹಿಡಿ ಎಳೆಸಿ, ಬೇಕಂತಲೇ ಎತ್ತಿ ನೋಡಿದ. ಎರಡನೇ ಕೊಕ್ಕೆ ಹಿಡಿದು ನಿಲ್ಲಿಸಿತು.

1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಪ್ರಕಾರ ಅಪಾಯ ತರುವಂಥ ದೋಷ ಗೊತ್ತಿದ್ದೂ ವಾಹನ ರಸ್ತೆಗಿಳಿಸುವುದು ಅಪರಾಧ. ಬಾಡಿಗೆ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಎಫ್‌ಸಿ ದಿನ ಎಲ್ಲ ಗಾಡಿಯೂ ಮದುಮಗನೇ. ಮುಂದಿನ ಮುನ್ನೂರ ಅರವತ್ತನಾಲ್ಕು ದಿನ ನೋಡೋರು ಯಾರು? ಒಳಗೆ ಕೂರುವ ನಾವು ನೋಡಬೇಕು. ಸೀಟು ಹಿಡಿಯುವ ಅವಸರದಲ್ಲಿ ನಾನೂ ಅಂದು ಹಗ್ಗ ಕಂಡೂ ಕಾಣದಂತೆ ಹತ್ತಿದವನೇ.

ಲೆಕ್ಕ ಹೀಗಿತ್ತು: ಕೇಬಲ್ಲು, ಕೊಕ್ಕೆ, ಗ್ರೀಸು ನೂರುಗಳಲ್ಲಿ, ಬಾನೆಟ್ ಟಿಂಕರಿಂಗು, ಗಾಜು ಸಾವಿರಗಳಲ್ಲಿ. ಡ್ರೈವರ್ ಚೌಕಾಸಿ ಮಾಡದೆ ಎಣಿಸಿ ಕೊಟ್ಟ. ಗ್ರಿಲ್ಲಿಗೆ ಇನ್ನೂ ಜೋತಾಡುತ್ತಿದ್ದ ಹಗ್ಗದ ತುಂಡನ್ನು ಮೇಸ್ತ್ರಿ ಕತ್ತರಿಸಿ ತನ್ನ ಜೇಬಿಗೆ ಹಾಕಿಕೊಂಡ.

"ಅದ್ಯಾಕಣ್ಣ ನಿಂಗೆ?"

"ನಿನ್ನ ಕೈಗೆ ಸಿಕ್ಕಿದ್ರೆ ಮತ್ತೆ ಕಟ್ತೀಯ. ಹೊರಡು."