ನಿಮಗಿದು ಗೊತ್ತೆ? ಮಾತು ಬಿಟ್ಟು ಕಡಲು ದಾಟಿದ ಯಕ್ಷಗಾನ

2016ರಲ್ಲಿ ಸೋಲ್ ನಗರದ ಸಣ್ಣ ರಂಗಮಂದಿರದಲ್ಲಿ ತೆರೆಕಂಡ ಕೊರಿಯಾದ ಸಂಗೀತ ನಾಟಕ ‘ಮೇಬಿ ಹ್ಯಾಪಿ ಎಂಡಿಂಗ್’, 2025ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಆರು ಟೋನಿ ಪ್ರಶಸ್ತಿ ಬಾಚಿಕೊಂಡಿತು.

ಹೀಗೆಯೇ ನಮ್ಮ ಯಕ್ಷಗಾನದ ಆಟವನ್ನೂ ಹೊರದೇಶದ ರಂಗಕ್ಕೆ ಒಗ್ಗಿಸುವ ಕೆಲಸವನ್ನು ನಮ್ಮ ವಿಟ್ಲಕ್ಕೆ ಹತ್ತಿರದ ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಸಾಹಿತಿ ಶಿವರಾಮ ಕಾರಂತರು ಎಂದೋ ಮಾಡಿದ್ದರು. ಇಡೀ ರಾತ್ರಿಯ ಬಯಲಾಟವನ್ನು ಎರಡು ಮೂರು ಗಂಟೆಗೆ ಇಳಿಸಿದರು. ವೇಷಧಾರಿಗಳ ಅರ್ಥಗಾರಿಕೆಗೆ, ಅಂದರೆ ಆಶು ಮಾತುಗಾರಿಕೆಗೆ, ಕತ್ತರಿ ಹಾಕಿ, ಕಥೆ ಹೇಳುವ ಹೊಣೆಯನ್ನು ಹಾಡು, ಕುಣಿತ, ಅಭಿನಯಕ್ಕೆ ವಹಿಸಿದರು. ಚೆಂಡೆ ಮದ್ದಳೆಯ ಪಕ್ಕದಲ್ಲಿ ಪಿಟೀಲು, ಸ್ಯಾಕ್ಸೋಫೋನ್ ತಂದು ಕೂರಿಸಿದರು. ಕನ್ನಡ ಬಾರದ ಪ್ರೇಕ್ಷಕನಿಗೂ ಕಥೆ ದಕ್ಕುವಂತಾಯಿತು. ಅವರ ‘ಯಕ್ಷರಂಗ’ ತಂಡ ಹಲವು ದೇಶಗಳಲ್ಲಿ ಪ್ರದರ್ಶನ ನೀಡಿತು.

ಊರಲ್ಲಿ ಮಾತ್ರ ಟೀಕೆ ತಪ್ಪಲಿಲ್ಲ. ವೇಷ, ಕುಣಿತವಿಲ್ಲದೆ ಕೂತು ಮಾತಾಡುವ ತಾಳಮದ್ದಳೆಯಲ್ಲಿ ಕೃಷ್ಣ, ಕೌರವರ ಒಂದೊಂದು ಮಾತಿಗೂ ತಲೆದೂಗುವ ನಮ್ಮ ತೆಂಕುತಿಟ್ಟಿನ ಪ್ರೇಕ್ಷಕರಿಗೆ ಅರ್ಥಗಾರಿಕೆಯಿಲ್ಲದ ಆಟ ರುಚಿಸುವುದು ಕಷ್ಟವೇ. ಆ ಅಸಮಾಧಾನದಲ್ಲಿ ನ್ಯಾಯವೂ ಇತ್ತೆನ್ನಿ.

ಅಂದಹಾಗೆ, ಯಕ್ಷಗಾನಕ್ಕೆ ಸ್ಯಾಕ್ಸೋಫೋನ್ ಏಕೆಂದು ಮೂಗು ಮುರಿಯಬೇಡಿ. ಅದೇ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಸಂಗೀತೋತ್ಸವದಲ್ಲಿ ಕಛೇರಿ ಕೊಟ್ಟ ಕದ್ರಿ ಗೋಪಾಲನಾಥ್ ಹುಟ್ಟಿದ್ದು ನಮ್ಮದೇ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ. ಅವರ ತಂದೆ ನಾಗಸ್ವರ ವಾದಕರು.