ನಿಮಗಿದು ಗೊತ್ತೆ? ಇಲಿಜ್ವರವೂ ಮೀನಖಂಡದ ನೋವೂ

ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿಯೋ ನಿಂತ ನೀರಿನಲ್ಲಿಯೋ ಬರಿಗಾಲಿನಿಂದ ದುಡಿದವನಿಗೆ, ಸಾಮಾನ್ಯವಾಗಿ 5ರಿಂದ 14 ದಿನಗಳ ತರುವಾಯ ಚಳಿಯೊಡನೆ ಜ್ವರವೇರಿ, ಕಣ್ಣು ಕೆಂಪಾಗಿ, ಮೀನಖಂಡಗಳು ಮುಟ್ಟಿದರೂ ತಾಳಲಾರದಷ್ಟು ನೋಯತೊಡಗಿದರೆ, ಅದನ್ನು ದುಡಿಮೆಯ ಆಯಾಸವೆಂದು ಉಪೇಕ್ಷಿಸತಕ್ಕದ್ದಲ್ಲ. ಕರಾವಳಿ, ಮಲೆನಾಡುಗಳಿಗೆ ಸುಪರಿಚಿತವಾದ ಇಲಿಜ್ವರದ, ಅರ್ಥಾತ್ ಲೆಪ್ಟೊಸ್ಪೈರೋಸಿಸ್ ವ್ಯಾಧಿಯ, ಲಕ್ಷಣ ಅದಾಗಿರಬಹುದು.

ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಸೂಕ್ಷ್ಮಾಣುವು ಇಲಿ, ಹೆಗ್ಗಣ, ನಾಯಿ, ದನ, ಹಂದಿ ಮೊದಲಾದ ಪ್ರಾಣಿಗಳ ಮೂತ್ರಪಿಂಡದಲ್ಲಿ ನೆಲಸಿ, ಮೂತ್ರದೊಡನೆ ಹೊರಬಿದ್ದು, ತೇವವುಳ್ಳ ಮಣ್ಣಿನಲ್ಲಿಯೂ ನೀರಿನಲ್ಲಿಯೂ ವಾರಗಟ್ಟಲೆ ಜೀವಿಸಿದ್ದು, ಚರ್ಮದ ಗೀರುಗಾಯದ ಮೂಲಕವೋ ಕಣ್ಣು, ಮೂಗು, ಬಾಯಿಗಳ ಲೋಳೆಪೊರೆಯ ಮೂಲಕವೋ ಮನುಷ್ಯದೇಹವನ್ನು ಪ್ರವೇಶಿಸುತ್ತದೆ. ಅಲ್ಲಿಂದ ರಕ್ತಪ್ರವಾಹವನ್ನು ಸೇರಿ ಸರ್ವಾಂಗಗಳಿಗೂ ವ್ಯಾಪಿಸುವ ಈ ಜೀವಿಯು, ಸೂಕ್ಷ್ಮ ರಕ್ತನಾಳಗಳ ಒಳಪದರವನ್ನು ಘಾಸಿಗೊಳಿಸಿ ಸ್ನಾಯುತಂತುಗಳಿಗೂ ಹಾನಿಯುಂಟುಮಾಡುವುದರಿಂದ, ಮೀನಖಂಡದಲ್ಲಿಯೂ ಸೊಂಟದಲ್ಲಿಯೂ ಆ ತೀವ್ರವೇದನೆ ಸಂಭವಿಸುವುದು. ವ್ಯಾಧಿಯು ಉಲ್ಬಣಿಸಿದಲ್ಲಿ ಕಾಮಾಲೆ, ರಕ್ತಸ್ರಾವ, ಮೂತ್ರಪಿಂಡದ ವೈಫಲ್ಯಗಳು ತಲೆದೋರಿ ಪ್ರಾಣಕ್ಕೇ ಸಂಚಕಾರ ಬರುವುದುಂಟು.

ಇದರ ಉಗ್ರರೂಪವನ್ನು 1886ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ ವರ್ಣಿಸಿದನು. ಕಾರಣವಾದ ಜೀವಿಯನ್ನು 1915ರ ವೇಳೆಗೆ ಜಪಾನಿನ ಇನಾಡ ಮತ್ತು ಇಡೊ ಎಂಬ ವಿಜ್ಞಾನಿಗಳು ಕಂಡುಹಿಡಿದರು.

ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಮುಂತಾದ ಔಷಧಗಳು ಆರಂಭದಲ್ಲಿಯೇ ದೊರೆತರೆ ರೋಗವು ವಾಸಿಯಾಗತಕ್ಕದ್ದೇ ಆದುದರಿಂದ, ಜ್ವರ ಬಂದವರು ತಾವು ಕೆಸರಿಗಿಳಿದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಗದ್ದೆಗಿಳಿಯುವವರು ಗಾಯಗಳನ್ನು ಮುಚ್ಚಿಕೊಂಡು ಗಂಬೂಟು ಧರಿಸುವುದೂ, ಮನೆಯ ಸುತ್ತ ಇಲಿಗಳಿಗೆ ಆಸ್ಪದವೀಯದಿರುವುದೂ ಕ್ಷೇಮಕರ.