ದಿನಾ ಓಡಾಡೋಕೆ ಸೈಕಲ್ ಕೊಳ್ತೀರಾ? ಗೇರ್ ಕೇಳೋ ಮೊದಲು ಇಷ್ಟು ನೋಡಿ

ಮನೆಯಿಂದ ಅಂಗಡಿಗೆ ಮೂರ್ನಾಲ್ಕು ಕಿಲೋಮೀಟರ್ ಇದ್ದರೆ ಸೈಕಲ್‌ನಲ್ಲಿ ಹದಿನೈದು-ಇಪ್ಪತ್ತು ನಿಮಿಷದ ದಾರಿ. ಪೆಟ್ರೋಲ್ ಬೇಡ, ಲೈಸೆನ್ಸ್-ಇನ್ಶೂರೆನ್ಸ್ ಗೋಜಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಆದರೆ ನೋಟಕ್ಕೆ ಮರುಳಾಗಿ ತಂದ ಸೈಕಲ್ ಎರಡೇ ತಿಂಗಳಿಗೆ ಹಿತ್ತಿಲು ಸೇರೋದೂ ಉಂಟು. ಹೊಸದಾಗಿ ತುಳಿಯೋರು ಗಮನಿಸಬೇಕಾದ್ದು ಇಲ್ಲಿದೆ.

ಅಳತೆ: 26, 27.5, 29 ಅಂತ ಹೇಳೋದು ಚಕ್ರದ ಇಂಚು. ನಿಮಗೆ ಹೊಂದಬೇಕಾದ್ದು ಫ್ರೇಮ್. ಐದೂವರೆ ಅಡಿ ಎತ್ತರದವರಿಗೆ ಸಾಮಾನ್ಯವಾಗಿ 17-18 ಇಂಚಿನ ಫ್ರೇಮ್ ಸರಿಹೋಗುತ್ತದೆ. ಮಧ್ಯದ ಕಂಬಿಯ ಎರಡೂ ಬದಿ ಕಾಲೂರಿ ನಿಂತಾಗ ಒಂದೆರಡು ಇಂಚು ಜಾಗ ಉಳಿಯಬೇಕು.

ಸೀಟು: ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ, ಕಾಲು ನೇರವಾಗಬೇಕು. ಸೀಟು ತೀರಾ ತಗ್ಗಿದ್ದರೆ ಮಂಡಿನೋವು ಗ್ಯಾರಂಟಿ. ಬ್ಯಾಲೆನ್ಸ್ ಬರೋವರೆಗೆ ಸ್ವಲ್ಪ ಇಳಿಸಿಕೊಂಡು, ಆಮೇಲೆ ಏರಿಸಿ.

ಗೇರ್: ಸಮತಟ್ಟು ರಸ್ತೆಗೆ ಗೇರ್ ಇಲ್ಲದ ಸೈಕಲ್ಲೇ ಸಾಕು, ರಿಪೇರಿಯೂ ಕಡಿಮೆ. ದಾರೀಲಿ ಏರು ಇದ್ದರೆ ಮಾತ್ರ ಗೇರ್ ಯೋಚಿಸಿ. ಕೊಳ್ಳೋ ಮೊದಲು ನಿಮ್ಮೂರಿನ ಮೆಕ್ಯಾನಿಕ್‌ಗೆ ಗೇರ್, ಡಿಸ್ಕ್ ಬ್ರೇಕ್ ಕೆಲಸ ಗೊತ್ತಾ, ಸಾಮಾನು ಸಿಗುತ್ತಾ ಕೇಳಿ. ಇಲ್ಲದಿದ್ದರೆ ಸಣ್ಣ ರಿಪೇರಿಗೂ ಜಿಲ್ಲಾ ಕೇಂದ್ರಕ್ಕೆ ಹೊರಬೇಕಾದೀತು.

ಟೈರ್: ನಾಲ್ಕು ಇಂಚಿನ ದಪ್ಪ ಟೈರ್ ನೋಡೋಕೆ ಚೆಂದ, ತುಳಿಯೋಕೆ ಭಾರ. ಊರಿನ ಗುಂಡಿ ರಸ್ತೆಗೆ ಒಂದೂವರೆಯಿಂದ ಎರಡು ಇಂಚು ಸಾಕು. ಎಷ್ಟು ಗಾಳಿ ಅನ್ನೋದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಗಾಳಿ ಕಮ್ಮಿಯಿದ್ದರೆ ಸುಸ್ತೂ ಜಾಸ್ತಿ, ಪಂಕ್ಚರೂ ಜಾಸ್ತಿ.

ಸಾಮಾನು ಹೊರೋರಿಗೆ: ಕ್ಯಾರಿಯರ್, ಗಟ್ಟಿ ಸ್ಟ್ಯಾಂಡ್, ಮಡ್‌ಗಾರ್ಡ್, ಚೈನ್ ಕವರ್ ಬೇಕೇ ಬೇಕು. ಎಷ್ಟೋ ಸ್ಪೋರ್ಟ್ಸ್ ಮಾದರಿಗಳಲ್ಲಿ ಕ್ಯಾರಿಯರ್ ಕೂರಿಸೋಕೆ ತೂತೇ ಇರಲ್ಲ. ದುಡ್ಡು ಕೊಡೋ ಮೊದಲೇ ನೋಡಿಕೊಳ್ಳಿ. ದಿನಾ ಭಾರ ಹೇರೋರಿಗೆ ಹಳೇ ಮಾದರಿಯ ಕಪ್ಪು ಸೈಕಲ್ಲೇ ಇವತ್ತಿಗೂ ವಾಸಿ.

ರಾತ್ರಿ: ಒಂಬತ್ತಕ್ಕೆ ಶಟರ್ ಎಳೆದು ಹೊರಡೋರು ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಹಾಕಿಸಿ. ಕ್ಯಾರಿಯರ್ ಮೇಲಿನ ಚೀಲ ಹಿಂದಿನ ರಿಫ್ಲೆಕ್ಟರ್ ಮುಚ್ಚದಿರಲಿ. ಹಿಂದಿನಿಂದ ಬರೋ ಲಾರಿಯವನಿಗೆ ನೀವು ಕಾಣೋದು ಅದರಿಂದಲೇ.

ಅಂಗಡಿ ಮುಂದೆ ಒಂದು ಸುತ್ತು ತುಳಿದು, ಎರಡೂ ಬ್ರೇಕ್ ಹಿಡಿದು ನೋಡಿ. ಹೊಸ ಸೈಕಲ್‌ನ ಬ್ರೇಕ್ ವೈರು, ಕಡ್ಡಿ ಮೊದಮೊದಲು ಸಡಿಲವಾಗೋದು ಸಹಜ. ತಿಂಗಳೊಳಗೆ ಒಮ್ಮೆ ಬಿಗಿ ಮಾಡಿಸಿ.